ಕೈಗವಸು ತೆಗೆಯದ ದಿನ

ಸಹನಾ, ನೀನು ಕೇಳಿದ್ದು ಎರಡು ಪುಟದ ಟಿಪ್ಪಣಿ. ಶಮೀಮ್ ಆಂಟಿ ಬಾಯಿ ತೆಗೆದರೆ ಎರಡು ಪುಟಕ್ಕೆ ನಿಲ್ಲುವುದಿಲ್ಲ ಅಂತ ನಿನಗೆ ಆಗಲೇ ಗೊತ್ತಾಗಿರಬೇಕು. ಸಿಟಿವೆಸ್ಟ್‌ನ ನಿನ್ನ ಫ್ಲ್ಯಾಟಿನಲ್ಲಿ ಅವತ್ತು ಚಹಾ ಕುಡಿಯುವಾಗ, "ಆಂಟಿ, ಮ್ಯಾನ್ಯುಯಲ್ ಪೂರ್ತಿ ಓದ್ದೆ. ಎಲ್ಲಾ ಐತೆ, ಕೆಲ್ಸ ಹೆಂಗ್ ಮಾಡ್ಬೇಕು ಅನ್ನೋದೊಂದೇ ಇಲ್ಲ" ಅಂದೆಯಲ್ಲ, ಆ ಮಾತಿಗೆ ಇದನ್ನು ಬರೆಯುತ್ತಿದ್ದೇನೆ. ಮುಂದಿನ ಸೋಮವಾರದಿಂದ ಅತ್ಲೋನ್ ಕಚೇರಿಯ ನನ್ನ ಕುರ್ಚಿ, ನನ್ನ ರಬ್ಬರ್ ಬೂಟಿನ ಗೂಡು, ನನ್ನ ಕೆರೆಗಳು ಎಲ್ಲ ನಿನ್ನವು. ಹದಿನಾರು ವರ್ಷ ನಾನು ಅಲ್ಲಿಂದ ದೋಣಿ ತಪಾಸಣೆ ಮಾಡಿದೆ. ಕೆರೆ ಅಂದೆನಲ್ಲ, ಈ ದೇಶದವರು ಅವುಗಳನ್ನು ಲಾಕ್ ಅನ್ನುತ್ತಾರೆ. ನಾನು ದಾವಣಗೆರೆಯವಳು, ನೀರು ನಿಂತಿದ್ದರೆ ಅದು ಕೆರೆ. ನಮ್ಮವರು ರಫೀಕ್ ಮೊದಲು ನಗುತ್ತಿದ್ದರು, "ಆ ಕಡೆ ದಡಾನೇ ಕಾಣ್ಸಲ್ಲ, ಕೆರೆ ಅಂತೆ ಕೆರೆ" ಅಂತ. ಈಗ ಅವರೂ ಕೆರೆ ಅಂತಲೇ ಅನ್ನುತ್ತಾರೆ.

ಕೆಲಸ ಏನು ಅಂತ ಹೇಳುವುದು ಸುಲಭ. ಹೊರದೇಶದಿಂದ ಬಂದು ಸೇರಿಕೊಂಡ ಒಂದು ಚಿಪ್ಪಿನ ಜೀವಿ ಇದೆ. ಬೆರಳಿನ ಉಗುರಿನಷ್ಟೇ ದೊಡ್ಡದು, ಮೈಮೇಲೆ ಪಟ್ಟೆ. ನಾನು ಮನೆಯಲ್ಲಿ ಪಟ್ಟೆಚಿಪ್ಪು ಅನ್ನುತ್ತೇನೆ. ದೋಣಿಯ ತಳಕ್ಕೆ, ಹಗ್ಗಕ್ಕೆ, ಇಂಜಿನ್ನಿನ ಕೊಳವೆಗೆ ಅಂಟಿಕೊಂಡು ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಒಂದು ಸಲ ಹೊಕ್ಕರೆ ಮುಗಿಯಿತು, ಆ ಕೆರೆಯಿಂದ ಅದನ್ನು ತೆಗೆಯುವ ಉಪಾಯ ಯಾರಿಗೂ ಗೊತ್ತಿಲ್ಲ. ಅದಕ್ಕೇ ನಿಯಮ: ಇನ್ನೂ ಶುದ್ಧವಾಗಿರುವ ಕೆರೆಗೆ ಹೊರಗಿನಿಂದ ಬರುವ ದೋಣಿ ನೀರು ಪೂರ್ತಿ ಬಸಿದು, ಕೈ ಇಡಲಾಗದಷ್ಟು ಬಿಸಿನೀರಿನಲ್ಲಿ ತೊಳೆದು, ಒಣಗಿಸಿಕೊಂಡು ಬರಬೇಕು. ನಾವು ನೋಡಿ ಹಸಿರು ಚೀಟಿ ಕೊಟ್ಟರೆ ಮಾತ್ರ ಇಳಿಸಬಹುದು. ಇಲ್ಲದಿದ್ದರೆ ವಾಪಸ್.

ಮ್ಯಾನ್ಯುಯಲ್‌ನಲ್ಲಿ ಇಲ್ಲದ್ದು ಇಷ್ಟು. ಇದು ಕಣ್ಣಿನ ಕೆಲಸವಲ್ಲ, ಬೆರಳಿನ ಕೆಲಸ. ಮರಿ ಚಿಪ್ಪು ಕಣ್ಣಿಗೆ ಕಾಣುವುದೇ ಇಲ್ಲ. ದೋಣಿಯ ಹೊಟ್ಟೆ ಥಳಥಳ ಹೊಳೆಯುತ್ತಿರುತ್ತದೆ, ನೀನು ಬರಿಗೈಯಲ್ಲಿ ಮೆಲ್ಲಗೆ ಸವರಿದರೆ ಸಣ್ಣಗೆ ಗರಗರ ಅನ್ನುತ್ತದೆ. ನನಗೆ ಮೊದಲ ಸಲ ಅದು ತಾಗಿದಾಗ ಬಾಯಿಂದ ಬಂದ ಮಾತು "ಚಿರೋಟಿ ರವೆ". ಸ್ವಲ್ಪ ಬೆಳೆದಿದ್ದರೆ ಬನ್ಸಿ ರವೆ. ನನ್ನ ಮೇಲಧಿಕಾರಿ ಡೆಕ್ಲನ್, ಕೋಪ ಬಂದಷ್ಟೂ ಮೆಲ್ಲಗೆ ಮಾತಾಡುವ ಗಡ್ಡದ ಮನುಷ್ಯ, ಏನದು ಅಂತ ಕೇಳಿದರು. ಮರುದಿನ ಎರಡು ಡಬ್ಬಿಯಲ್ಲಿ ಎರಡೂ ರವೆ ತಂದು ಅವರ ಬೆರಳು ಅದ್ದಿಸಿದೆ. ಅಂದಿನಿಂದ ಕಚೇರಿಯ ದಾಖಲೆಗಳಲ್ಲಿ 'ಚಿರೋಟಿ', 'ಬನ್ಸಿ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಇದೆ. ನೋಡಿ ಗಾಬರಿಯಾಗಬೇಡ, ಅದು ನನ್ನದೇ ಕಿತಾಪತಿ. ಆ ಎರಡು ಡಬ್ಬಿ ಈಗಲೂ ಕಪಾಟಿನ ಮೇಲೆ ಇವೆ. ಹೊಸಬರಿಗೆಲ್ಲ ಅದರಲ್ಲೇ ಪಾಠ.

ಬೆರಳಿನಷ್ಟೇ ಕಿವಿಯನ್ನೂ ಪಳಗಿಸಬೇಕು. ಇಲ್ಲಿನವರು ಒಂದು ಮಾತಿಗೆ ಹತ್ತು ಅರ್ಥ ಇಟ್ಟುಕೊಂಡಿರುತ್ತಾರೆ. ನಮ್ಮ ಕಡೆ ಗ್ರ್ಯಾಂಡ್ ಅಂದರೆ ಏನು? ಗ್ರ್ಯಾಂಡ್ ಮದುವೆ, ಗ್ರ್ಯಾಂಡ್ ಸೀರೆ, ನಾಲ್ಕು ಥರ ಸಿಹಿ. ಮೊದಲ ತಿಂಗಳು ಒಬ್ಬ ಹೆಂಗಸು ತನ್ನ ಹರಕು ದೋಣಿ ತೋರಿಸಿ "ಇಟ್ಸ್ ಗ್ರ್ಯಾಂಡ್" ಅಂದಳು. ನಾನು ಫಾರಂನಲ್ಲಿ 'ಸ್ಥಿತಿ: ಅತ್ಯುತ್ತಮ' ಅಂತ ಬರೆದುಕೊಂಡು ಬಂದೆ. ಡೆಕ್ಲನ್ ಆ ಫಾರಂ ಗೋಡೆಗೆ ಅಂಟಿಸಿ ಒಂದು ವಾರ ನಕ್ಕರು. ಮನೆಗೆ ಬಂದು ಮಗಳು ಜೋಯಾಳನ್ನು ಕೇಳಿದೆ. ಇಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅವಳು ಫೋನಿನಿಂದ ತಲೆ ಎತ್ತದೆ, "ಅಮ್ಮಿ, ಇಟ್ ಮೀನ್ಸ್ ಸ್ಟಾಪ್ ಆಸ್ಕಿಂಗ್" ಅಂದಳು. ಹುಡುಗಿ ಸರಿಯಾಗಿಯೇ ಹೇಳಿದ್ದಳು. ನನ್ನ ತಲೆಗೆ ಅದು ಪೂರ್ತಿ ಹೋಗಲು ಬಹಳ ವರ್ಷ ಬೇಕಾಯಿತು.

ಎರಡನೆಯ ವರ್ಷದ ಒಂದು ಮಧ್ಯಾಹ್ನದ ಮಾತು. ಒಂದು ಹಳೆಯ ದೊಡ್ಡ ದೋಣಿಯನ್ನು ನೀರಿನಿಂದ ಎತ್ತಿ ಅಂಗಳದಲ್ಲಿ ಇಟ್ಟಿದ್ದರು. ಅದರ ಯಜಮಾನ ತೀರಿಕೊಂಡು ವರ್ಷಗಳಾಗಿ, ಅದು ಕಟ್ಟಿದಲ್ಲೇ ನಿಂತಿತ್ತು. ಎತ್ತಿದವರು ಊಟಕ್ಕೆ ಹೋಗಿದ್ದರು. ಗಾಳಿ ಇಲ್ಲ, ಹಕ್ಕಿ ಇಲ್ಲ. ನಾನು ಹತ್ತಿರ ಹೋದಾಗ ಒಳಗಿನಿಂದ ಯಾರೋ ಉಗುರಿನಲ್ಲಿ ಹಲಗೆ ತಟ್ಟುವ ಹಾಗೆ ಟಿಕ್, ಟಿಕ್ ಅಂತ ಸದ್ದು. "ಹಲೋ" ಅಂದೆ. ನಿಂತಿತು. ಎರಡು ಹೆಜ್ಜೆ ಹಿಂದೆ ಬಂದೆ, ಮತ್ತೆ ಶುರುವಾಯಿತು. ಬಿಸ್ಮಿಲ್ಲಾ ಅಂದುಕೊಂಡು ಬಗ್ಗಿ ಟಾರ್ಚ್ ಬಿಟ್ಟೆ. ದೋಣಿಯ ಹೊಟ್ಟೆಯ ತುಂಬ, ಒಂದರ ಮೇಲೊಂದು, ಸಾವಿರಾರು ಪಟ್ಟೆಚಿಪ್ಪು. ನೀರಿಲ್ಲದೆ ಬಾಯಿ ಬಿಟ್ಟು ಮುಚ್ಚಿ ಸಾಯುತ್ತಿದ್ದವು, ಅದರದ್ದೇ ಸದ್ದು. ನನ್ನ ನೆರಳು ಬಿದ್ದಾಗ ಎಲ್ಲ ಒಟ್ಟಿಗೆ ಬಾಯಿ ಮುಚ್ಚಿದ್ದವು. ಎಷ್ಟೋ ಸಲ ಆಮೇಲೆ ಆ ಸದ್ದು ಕೇಳಿದ್ದೇನೆ. ಅಭ್ಯಾಸ ಆಗಲಿಲ್ಲ.

ವಿಧಾನಗಳು ಬದಲಾದವು. ಮೊದಲು ಬರೀ ಪ್ರಶ್ನೆ, ಸಹಿ. ಆಮೇಲೆ ಬಿಸಿನೀರಿನ ಯಂತ್ರ ಬಂತು. ಕೊನೆಗೆ ಬಾಟಲಿ ಬಂತು: ಕೆರೆಯ ನೀರು ಒಂದು ಬಾಟಲಿ ತುಂಬಿ ಲ್ಯಾಬಿಗೆ ಕಳಿಸಿದರೆ, ಆ ಜೀವಿಯನ್ನು ಯಾರೂ ಕಣ್ಣಲ್ಲಿ ಕಾಣದಿದ್ದರೂ, ಅದು ಆ ನೀರಿನಲ್ಲಿ ಇದೆ ಅಂತ ಗುರುತು ಹೇಳುತ್ತಾರೆ. ಬಾಟಲಿ ಬಂದ ಮೇಲೆ ನನಗೆ ಯಾವ ತಿಳಿನೀರನ್ನು ನೋಡಿದರೂ ಅನುಮಾನ. ಮನೆಯಲ್ಲಿ ಲೋಟದ ನೀರನ್ನು ಕಿಟಕಿಗೆ ಹಿಡಿದು ನೋಡಿ ಕುಡಿಯುವ ಚಟ ಹತ್ತಿತು. ರಫೀಕ್ ಕೇಳುತ್ತಿದ್ದರು, "ಏನ್ ಕಾಣ್ಸುತ್ತೆ ಶಮೀಮ್?" "ಏನೂ ಇಲ್ಲ, ಅದೇ ಭಯ" ಅನ್ನುತ್ತಿದ್ದೆ.

ಇನ್ನು ಮುಖ್ಯ ವಿಷಯ. ಇಲ್ಲಿಯವರೆಗೆ ಇದನ್ನು ಯಾರಿಗೂ ಹೇಳಿಲ್ಲ, ರಫೀಕ್‌ಗೂ ಅರ್ಧ ಮಾತ್ರ ಗೊತ್ತು.

ನನ್ನ ದೊಡ್ಡ ಕೆರೆಗಳಲ್ಲಿ ಒಂದು ಬಹಳ ವರ್ಷ ಶುದ್ಧವಾಗಿಯೇ ಉಳಿದಿತ್ತು. ಹೆಸರು ಬರೆಯುವುದಿಲ್ಲ, ನಕ್ಷೆಯಲ್ಲಿ ನಿನಗೆ ಕಾಣುತ್ತದೆ. ಹಸಿರು ಮಸುಕಿನ ನೀರು. ಇಳಿದರೆ ನಿನ್ನ ಮೊಣಕಾಲು ನಿನಗೇ ಕಾಣದು, ತಳವೆಲ್ಲ ಮೆತ್ತನೆಯ ಕೆಸರು. ಆ ಮಸುಕೇ ಅದರ ಪ್ರಾಣ. ಅದರಲ್ಲಿ ಸಣ್ಣ ಜೀವಿಗಳು, ಅವುಗಳನ್ನು ತಿನ್ನಲು ಮೀನು, ಮೇ ತಿಂಗಳಲ್ಲಿ ನೀರಿನಿಂದ ಏಳುವ ನೊಣಗಳ ಹಿಂಡು, ಅವಕ್ಕೆ ಬರುವ ಹಕ್ಕಿಗಳು. ಊರಿನ ಮುದುಕಿಯರು ಕೂಡ ಬೆಳಿಗ್ಗೆ ಈಜಲು ಬರುತ್ತಿದ್ದರು. ಆ ಕೆರೆಯನ್ನು ಉಳಿಸುವುದು ನನ್ನ ಒಬ್ಬಳ ಹೊಣೆ ಅಂತ ನಾನೇ ತಲೆಯ ಮೇಲೆ ಹೊತ್ತುಕೊಂಡಿದ್ದೆ. ಉಳಿದ ದೊಡ್ಡ ಕೆರೆಗಳೆಲ್ಲ ಹೋದ ಮೇಲೆ ಈ ಒಂದನ್ನಾದರೂ ಹಾಗೇ ನಿನ್ನಂಥವಳ ಕೈಗೆ ಕೊಟ್ಟು ಹೋಗಬೇಕು ಅನ್ನುವ ಹಟ.

ದೋಣಿ ಇಳಿಸುವ ಇಳಿಜಾರಿನ ಪಕ್ಕದ ಮನೆ ಮಾರ್ಟಿನ್ ಅವರದ್ದು. ಮೊದಲು ಶಾಲೆಯ ಬಸ್ ಓಡಿಸುತ್ತಿದ್ದವರು, ಮದುವೆಯಾಗಿರಲಿಲ್ಲ, ಆಗಲೇ ಅರವತ್ತು ದಾಟಿತ್ತು. ಅಷ್ಟು ಹಿರಿಯರನ್ನು ಬರೀ ಹೆಸರಿನಿಂದ ಕರೆಯಲು ನನ್ನ ನಾಲಿಗೆ ಏಳದೆ ಒಂದು ಸಲ 'ಅಂಕಲ್' ಅಂದುಬಿಟ್ಟೆ. ಊರಿಗೆಲ್ಲ ಹೇಳಿಕೊಂಡು ನಕ್ಕರು, ಆದರೆ ಮರುದಿನದಿಂದ ನನಗೆ ಫ್ಲಾಸ್ಕಿನಲ್ಲಿ ಚಹಾ ಬರತೊಡಗಿತು. ಅವರಿಗೆ ಒಂದು ನೀಲಿ ದೋಣಿ ಇತ್ತು. ಪ್ರತಿದಿನ ಹುಟ್ಟು ಹಾಕಿಕೊಂಡು ಹೋಗುತ್ತಿದ್ದರು, ಗಾಳ ಇಲ್ಲ, ಬಲೆ ಇಲ್ಲ. ಕೆರೆಯ ನಡುವೆ ನಿಂತು ಬಗ್ಗಿ ನೀರು ನೋಡುತ್ತಿದ್ದರು, ವಾಪಸ್ ಬರುತ್ತಿದ್ದರು.

ಅವರ ತಮ್ಮ ಜೋ, ಮೂವತ್ತು ವರ್ಷಕ್ಕೂ ಹಿಂದೆ, ಒಂದು ಮೇ ತಿಂಗಳ ಸಂಜೆ ಮೀನಿಗೆ ಹೋದವನು ಬರಲಿಲ್ಲ. ದೋಣಿಯೂ ಸಿಗಲಿಲ್ಲ, ಆಳೂ ಸಿಗಲಿಲ್ಲ. ಕೊಕ್ಕೆ ಹಾಕಿ ಎಳೆದರು, ಮುಳುಗುಗಾರರು ಇಳಿದರು. ಕೈ ಮುಂದೆ ಚಾಚಿದರೆ ಕೈಯೇ ಕಾಣದ ನೀರು, ಏನು ಹುಡುಕುತ್ತಾರೆ? ಚರ್ಚಿನ ಹಿಂದೆ ಮನೆತನದ ಸಮಾಧಿಕಲ್ಲಿನ ಮೇಲೆ ಅವನ ಹೆಸರು ಕೆತ್ತಿಸಿದ್ದರು, ಕೆಳಗೆ ಯಾರೂ ಇಲ್ಲ. "ಅಮ್ಮ ಸಾಯೋತನಕ ಈ ಕೆರೆ ಮೀನು ತಿನ್ಲಿಲ್ಲ" ಅಂದರು ಮಾರ್ಟಿನ್ ಒಂದು ದಿನ. ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ನನಗೆ ನೆನಪಿರುವುದು ಕನ್ನಡದಲ್ಲಿ. "ನಾನೂ ತಿನ್ನಲ್ಲ."

ಇನ್ನೊಂದು ದಿನ ಚಹಾ ಸುರಿಯುತ್ತಾ ಕೇಳಿದರು, "ಆ ಚಿಪ್ಪು ಹೊಕ್ಕ ಕೆರೆಗಳಲ್ಲಿ ತಳ ಕಾಣುತ್ತೆ ಅಂತಾರೆ. ನಿಜಾನಾ?"

ನನಗೆ ಪಾಠ ಮಾಡುವುದು ಅಂದರೆ ಎಲ್ಲಿಲ್ಲದ ಹುಮ್ಮಸ್ಸು. "ನಿಜ. ಒಂದೊಂದು ಚಿಪ್ಪೂ ದಿನವಿಡೀ ನೀರು ಸೋಸುತ್ತೆ. ಮಸುಕೆಲ್ಲ ತಿಂದುಹಾಕುತ್ತೆ. ನಾಲ್ಕೈದು ವರ್ಷದಲ್ಲಿ ಗಾಜು."

"ತಳದ ಕೆಸರಿನ ಮೇಲೂ ಕೂರುತ್ತಾ?"

"ಮೊದಮೊದಲು ಇಲ್ಲ, ಗಟ್ಟಿ ಜಾಗ ಬೇಕು. ಕಲ್ಲು, ಮರ, ಕಬ್ಬಿಣ. ಕೆಸರಲ್ಲಿ ಒಂದೇ ಒಂದು ಹಲಗೆ ಬಿದ್ದಿದ್ರೂ ಹುಡುಕ್ಕೊಂಡು ಹೋಗಿ ಅದರ ಮೇಲೇ ಕೂರುತ್ತೆ." ಫೋನಿನಲ್ಲಿದ್ದ ಫೋಟೋಗಳನ್ನೂ ತೋರಿಸಿದೆ. ಬೇರೆ ಕೆರೆಯ ತಳದಲ್ಲಿ ಬಿದ್ದಿದ್ದ ಒಂದು ಸೈಕಲ್, ಚಿಪ್ಪಿನಿಂದಲೇ ಮಾಡಿದ ಹಾಗೆ. ಮಾರ್ಟಿನ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಬಹಳ ಹೊತ್ತು ಅದನ್ನು ನೋಡಿದರು. ಆಸಕ್ತಿ ಇರುವ ಮನುಷ್ಯ ಅಂತ ನನಗೆ ಖುಷಿಯಾಯಿತು. ಎಂಥ ದಡ್ಡಿ ನಾನು.

ಮುಂದಿನ ವರ್ಷ ಜೋಯಾಳ ನಿಕಾಹ್. ಟಾಲಾದಲ್ಲಿ ಹಾಲ್ ಹಿಡಿದಿದ್ದೆವು, ಬೆಂಗಳೂರಿನಿಂದ ರಫೀಕ್ ಅವರ ಅಕ್ಕಂದಿರು ಬಂದಿದ್ದರು. ಶನಿವಾರ ನಿಕಾಹ್, ಗುರುವಾರ ರಾತ್ರಿ ಮೆಹಂದಿ. ಹುಡುಗಿಯ ಅಮ್ಮ ಅಂತ ನನಗೂ ಎರಡೂ ಕೈಗೆ, ಅಂಗೈಯಿಂದ ಮಣಿಕಟ್ಟಿನವರೆಗೆ ಹಾಕಿದರು. ಶುಕ್ರವಾರ ರಜೆ ಇರಲಿಲ್ಲ. ಹೊರಡುವಾಗ ದೊಡ್ಡ ನಾದಿನಿ ಬಾಗಿಲಲ್ಲೇ ಹಿಡಿದುಕೊಂಡರು. "ಆ ನೀರು, ಆ ಔಷಧಿ ಎಲ್ಲಾ ಮುಟ್ಟಿ ಬಣ್ಣ ಕೆಡಿಸ್ಕೊಂಡ್ ಬಂದ್ರೆ ನೋಡು. ಫೋಟೋದಲ್ಲಿ ಬೀಗಿತ್ತಿ ಕೈ ಪಕ್ಕ ನಿನ್ ಕೈ ಇರುತ್ತೆ." ಡಬಲ್ ಗ್ಲೌಸ್ ಹಾಕಿಕೊಂಡು ಹೋದೆ.

ಮಧ್ಯಾಹ್ನ ಮಾರ್ಟಿನ್ ಟ್ರೇಲರ್‌ನ ಮೇಲೆ ನೀಲಿ ದೋಣಿ ಹೇರಿಕೊಂಡು ಬಂದರು. ಬೇಸಿಗೆಯಿಡೀ ಅದು ಕೆರೆಯಲ್ಲಿ ಇರಲಿಲ್ಲ. ಹೊರಗೆ ಹೋದ ದೋಣಿ ಊರಿನದ್ದೇ ಆದರೂ ತಪಾಸಣೆ ಆಗಲೇಬೇಕು. "ನೆಂಟರ ಶೆಡ್‌ನಲ್ಲಿ ಇಟ್ಟಿದ್ದೆ, ಬಣ್ಣ ಹೊಡಿಸೋಣ ಅಂತ" ಅಂದರು.

ಬಣ್ಣ ಹಳೆಯದೇ ಇತ್ತು, ಸಹನಾ. ನನ್ನ ಕಣ್ಣಿಗೆ ಅದು ಬಿತ್ತು. ಲಂಗರಿನ ಹಗ್ಗ ಎತ್ತಿದೆ, ಭಾರವಿತ್ತು. ಎರಡು ಪದರ ರಬ್ಬರಿನ ಮೇಲೆ ಒದ್ದೆಯೋ ಒಣಗಿದೆಯೋ ತಿಳಿಯಲಿಲ್ಲ. ದೋಣಿಯ ಹೊಟ್ಟೆಯ ಮೇಲೆ ಕೈಗವಸಿನ ಕೈಯನ್ನೇ ಸವರಿದೆ. ನುಣ್ಣಗಿತ್ತು. ರಬ್ಬರಿಗೆ ಎಲ್ಲವೂ ನುಣ್ಣಗೆ.

"ಎಲ್ಲಾ ಒಣಗಿದ್ಯಾ?" ಅಂದೆ. ಕೈಗವಸು ತೆಗೆಯಲು ಬೆರಳಿನ ತುದಿ ಎಳೆದೆ. ಮಣಿಕಟ್ಟಿನ ಮೆಹಂದಿ ಕಂಡಿತು.

ಮಾರ್ಟಿನ್ ಅದನ್ನು ನೋಡಿದರು. "ನಾಳೆ ಅಲ್ವಾ ಮಗಳ ಮದುವೆ? ಹೇಗೆ ನಡೀತಿದೆ?"

"ಗ್ರ್ಯಾಂಡ್" ಅಂದೆ ನಾನು. ನಮ್ಮ ಅರ್ಥದಲ್ಲಿ. ಬಿರಿಯಾನಿ, ಹೂವಿನ ಮಂಟಪ, ಜೋಯಾ ಉಡಲಿದ್ದ ಕೆಂಪು ಗರಾರಾ ಎಲ್ಲ ಕಣ್ಣ ಮುಂದೆ ಬಂತು.

"ಕೈ ಹಾಳು ಮಾಡ್ಕೋಬೇಡಿ. ದೋಣೀನೂ ಗ್ರ್ಯಾಂಡ್" ಅಂದರು ಅವರು. ಅವರ ಅರ್ಥದಲ್ಲಿ. ಇನ್ನು ಕೇಳಬೇಡ ಅಂತ.

ನಾನು ನಕ್ಕೆ. ಅವರು ನಗಲಿಲ್ಲ. ಹಸಿರು ಚೀಟಿಯಲ್ಲಿ 'ತಳದ ಸ್ಥಿತಿ' ಅನ್ನುವ ಕಡೆ ತಮಾಷೆಗೆ 'ಗ್ರ್ಯಾಂಡ್' ಅಂತಲೇ ಬರೆದು ಸಹಿ ಹಾಕಿದೆ. ಅವರು ಟ್ರೇಲರ್ ಹಿಂದಕ್ಕೆ ಬಿಟ್ಟು, ದೋಣಿಯನ್ನು ನೀರಿಗೆ ಇಳಿಸಿ, ಅದು ತೇಲಿದ ಮೇಲೂ ಹಗ್ಗ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ನನಗೆ ಬಸ್ಸಿಗೆ ಹೊತ್ತಾಗಿತ್ತು.

ಅದಾದ ಮೂರನೆಯ ವಸಂತದಲ್ಲಿ ಬಾಟಲಿಯ ಫಲಿತಾಂಶ ಬಂತು. ಡೆಕ್ಲನ್ ಕಾಗದ ನನ್ನ ಮೇಜಿನ ಮೇಲಿಟ್ಟು, ಎಷ್ಟು ಮೆಲ್ಲಗೆ ಅಂದರೆ ತುಟಿ ನೋಡಿ ತಿಳಿದುಕೊಳ್ಳಬೇಕು, "ನಿಮ್ಮ ಕೆರೆ" ಅಂದರು. ಇಳಿಜಾರಿಗೆ ಓಡಿದೆ. ನೀರಿನೊಳಗಿನ ಕಲ್ಲಿಗೆ ಬರಿಗೈ ಇಟ್ಟೆ. ಚಿರೋಟಿ ರವೆ. ಅಲ್ಲೇ ಕೂತು ಅತ್ತೆ, ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

ಯಾವ ದೋಣಿಯಿಂದ ಬಂತು ಅಂತ ಹಳೆಯ ಚೀಟಿಗಳ ಕಚೇರಿ ಪ್ರತಿಗಳನ್ನೆಲ್ಲ ತೆಗೆದು ಕೂತೆವು. ಹೊರಗಿನ ದೋಣಿಗಳ ಮೇಲೇ ಎಲ್ಲರ ಅನುಮಾನ. ಮಾರ್ಟಿನ್ ಅವರ ಚೀಟಿ ಬಂದಾಗ ಡೆಕ್ಲನ್ 'ಗ್ರ್ಯಾಂಡ್' ಓದಿ ಸಣ್ಣಗೆ ನಕ್ಕು ಮುಂದಕ್ಕೆ ಸರಿಸಿದರು. ನನಗೆ ಆ ಹಳೆಯ ಬಣ್ಣ ನೆನಪಿಗೆ ಬಂತು. ಬಾಯಿ ಬಿಡಲಿಲ್ಲ. ವರದಿಯಲ್ಲಿ 'ಮೂಲ ತಿಳಿದುಬಂದಿಲ್ಲ' ಅಂತ ಬರೆದವಳು ನಾನೇ.

ಆಮೇಲೆ ಕೆರೆ ತಿಳಿಯಾಗುತ್ತಾ ಬಂತು. ಮೊದಲ ವರ್ಷ ಊರಿಗೆಲ್ಲ ಸಂಭ್ರಮ. ಎಷ್ಟು ಚೆಂದ ನೀರು, ಹಂಸದ ಕಾಲೂ ಕಾಣುತ್ತದೆ ಅಂತ ಫೋಟೋ ತೆಗೆದರು. ಎರಡನೆಯ ವರ್ಷ ಮೇ ತಿಂಗಳ ನೊಣ ಏಳಲಿಲ್ಲ. ಹಕ್ಕಿಗಳು ಬಂದು, ಎರಡು ದಿನ ಕಾದು, ಹೋದವು. ಮೀನು ಕಡಿಮೆಯಾಯಿತು. ಬಿಸಿಲು ತಳದವರೆಗೆ ಇಳಿದು ಉದ್ದುದ್ದ ಕಳೆ ಬೆಳೆಯಿತು, ಗಾಳಿಯಿಲ್ಲದ ದಿನವೂ ಅದು ಒಳಗೆ ಅಲ್ಲಾಡುತ್ತಿತ್ತು. ಈಜುವ ಮುದುಕಿಯರು ಒಬ್ಬೊಬ್ಬರೇ ಬರುವುದು ಬಿಟ್ಟರು. "ಕೆಳಗಡೆ ಕಾಣುತ್ತೆ" ಅಂದಳು ಒಬ್ಬಾಕೆ, ಟವೆಲ್ ಕೈಯಲ್ಲೇ ಹಿಡಿದುಕೊಂಡು. "ಏನು ಕಾಣುತ್ತೆ?" ಅಂದರೆ "ಎಷ್ಟು ಆಳ ಅಂತ" ಅಂದಳು. ಐವತ್ತು ವರ್ಷ ಆ ನೀರಿನಲ್ಲಿ ಈಜಿದವಳು ಅವಳು.

ಮಾರ್ಟಿನ್ ಮಾತ್ರ ದಿನಕ್ಕೆ ಎರಡು ಸಲ ಹೋಗತೊಡಗಿದರು. ನನಗೆ ಚಹಾ ಬರುವುದು ನಿಂತಿತ್ತು, ನಾನೂ ಅವರ ಮನೆಯ ಕಡೆ ನೋಡದೆ ಕೆಲಸ ಮುಗಿಸುತ್ತಿದ್ದೆ. ಐದನೆಯ ವರ್ಷದ ಒಂದು ಬೆಳಿಗ್ಗೆ ಫೋನ್ ಮಾಡಿದರು. "ಶಮೀಮ್, ನಿಮಗೆ ಒಂದು ತೋರಿಸ್ಬೇಕು. ಗಾಳಿ ಏಳೋ ಮೊದಲು ಬನ್ನಿ."

ನೀಲಿ ದೋಣಿಯಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಹುಟ್ಟು ಹಾಕಿದರು. ಬಿಸಿಲು ಚೆನ್ನಾಗಿತ್ತು. ದೋಣಿಯ ನೆರಳು ಕೆಳಗೆ, ತಳದ ಕೆಸರಿನ ಮೇಲೆ, ನಮ್ಮ ಜೊತೆಗೇ ಬರುತ್ತಿತ್ತು. ನಾವು ಗಾಳಿಯಲ್ಲಿ ತೇಲುತ್ತಿದ್ದೇವೆ ಅನ್ನಿಸಿ ನನಗೆ ತಲೆ ತಿರುಗಿತು, ಎರಡೂ ಕಡೆ ಹಲಗೆ ಬಿಗಿಯಾಗಿ ಹಿಡಿದುಕೊಂಡೆ. ಎಲ್ಲಿ ನೋಡಿದರೂ ಬೂದು ಕೆಸರು, ಕಳೆ, ಮತ್ತೆ ಕೆಸರು. ಮಾರ್ಟಿನ್ ಹುಟ್ಟು ಎತ್ತಿದರು. ನಮ್ಮ ನೆರಳು ಒಂದು ಕಡೆ ನಿಂತಿತು. ಅದರ ಪಕ್ಕದಲ್ಲಿ ಇನ್ನೊಂದು ದೋಣಿ ಇತ್ತು.

ಅದು ಮರದ್ದಲ್ಲ, ಪೂರ್ತಿ ಚಿಪ್ಪಿನದ್ದು. ಮೂತಿ, ಅಂಚು, ನಡುವಿನ ಕೂರುವ ಹಲಗೆ, ಒಂದು ಹುಟ್ಟು, ಎಲ್ಲದರ ಆಕಾರ ಸ್ಪಷ್ಟವಾಗಿತ್ತು. ಸುತ್ತ ಎಷ್ಟು ದೂರಕ್ಕೂ ಇನ್ನೊಂದು ಚಿಪ್ಪಿಲ್ಲ. ನಾನು ಪಾಠ ಮಾಡಿದ್ದೆನಲ್ಲ, ಗಟ್ಟಿ ಜಾಗ ಹುಡುಕಿಕೊಂಡು ಹೋಗುತ್ತವೆ ಅಂತ. ಹೋಗಿದ್ದವು. ಕೂರುವ ಹಲಗೆಯ ಮುಂದೆ, ಕೂತವನ ಕಾಲಿರುವ ಜಾಗದಲ್ಲಿ, ಎರಡು ಉದ್ದನೆಯ ಬೂಟು. ಅವೂ ಚಿಪ್ಪಿನವು.

"ನೀವಾ?" ಅಂದೆ.

ಅವರು ನೀರಿನಿಂದ ಕಣ್ಣು ಎತ್ತಲಿಲ್ಲ. "ಆ ಬೇಸಿಗೆ ಪೂರ್ತಿ ಇದನ್ನ ಚಿಪ್ಪು ಹೊಕ್ಕ ಬೇರೆ ಕೆರೆಯಲ್ಲಿ ಕಟ್ಟಿದ್ದೆ. ಶೆಡ್ ಗಿಡ್ ಏನೂ ಇಲ್ಲ."

"ನನ್ನ ಕೈಯಲ್ಲೇ ಚೀಟಿ ಬರೆಸ್ಕೊಂಡ್ರಿ."

"ನೀವು ಗ್ಲೌಸ್ ತೆಗೆದು ಮುಟ್ಟಿದ್ರೆ ವಾಪಸ್ ತಗೊಂಡ್ ಹೋಗೋದು ಅಂತ ಇದ್ದೆ. ನಿಮ್ಮ ಕೈಗೇ ಬಿಟ್ಟಿದ್ದೆ."

ಸಿಟ್ಟು ನೆತ್ತಿಗೇರಿತು. ಒಂದು ಕೆರೆಯನ್ನೇ ಕೊಂದಿರಿ ನೀವು, ಅಂದೆ. ಮೀನು, ಹಕ್ಕಿ, ಆ ಹೆಂಗಸರ ಈಜು, ಎಲ್ಲ ಹೇಳಿದೆ. ಅವರು ಒಂದೊಂದಕ್ಕೂ "ಹೌದು" ಅಂದರು. ಕೊನೆಗೆ, "ಅಮ್ಮ ಆ ಕಲ್ಲಿನ ಮುಂದೆ ಪ್ರತಿ ಭಾನುವಾರ ಹೂವು ಇಡ್ತಿದ್ಲು. ಕೆಳಗೆ ಯಾರೂ ಇಲ್ಲ ಅಂತ ಗೊತ್ತಿತ್ತು ಅವಳಿಗೆ. ಎಲ್ಲಿ ನೋಡ್ಕೊಂಡು ಅಳ್ಬೇಕು ಅಂತ ಕೇಳ್ತಿದ್ಲು ನನ್ನ" ಅಂದರು. ಕ್ಷಮಿಸಿದೆ ಅಂತ ತಿಳಿಯಬೇಡ. ಇವತ್ತಿಗೂ ಕ್ಷಮಿಸಿಲ್ಲ. ಆದರೆ ಆ ಬೂಟುಗಳ ಮೇಲಿಂದ ನನ್ನ ಕಣ್ಣನ್ನೂ ಕೀಳಲಾಗಲಿಲ್ಲ.

ಮುಳುಗುಗಾರರು ಬಂದು ಎತ್ತಿದರು. ಒಳಗಿನ ಮರ ಎಂದೋ ಮೆತ್ತಗಾಗಿ ಹೋಗಿತ್ತು, ಚಿಪ್ಪುಗಳೇ ಅದನ್ನು ಹಿಡಿದುಕೊಂಡಿದ್ದವು. ಇಳಿಜಾರಿನ ಮೇಲೆ ಟಾರ್ಪಾಲಿನ ಮೇಲೆ ಇಟ್ಟರು. ಎಲುಬು ಸ್ವಲ್ಪವೇ ಇತ್ತು, ಅದನ್ನು ಬೇರೆಯಾಗಿ ಮುಚ್ಚಿಟ್ಟರು. ಎಡಗಾಲಿನ ಬೂಟಿನ ಚಿಪ್ಪು ಕೆರೆದಾಗ ಹಿಮ್ಮಡಿಯಲ್ಲಿ ಸೈಕಲ್ ಟ್ಯೂಬಿನ ತೇಪೆ ಕಂಡಿತು. "ಅದು ನಾನೇ ಹಾಕಿಕೊಟ್ಟಿದ್ದು" ಅಂದರು ಮಾರ್ಟಿನ್. ಪಾದ್ರಿ ಬಂದು ಪ್ರಾರ್ಥನೆ ಶುರು ಮಾಡಿದರು. ಊರೇ ನಿಂತಿತ್ತು, ಯಾರೂ ಕೆಮ್ಮಲೂ ಇಲ್ಲ. ಆ ಮೌನದಲ್ಲಿ ಟಾರ್ಪಾಲಿನ ಕಡೆಯಿಂದ ಟಿಕ್, ಟಿಕ್ ಅಂತ ಶುರುವಾಯಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಾಕೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಏನು ಸದ್ದು ಅಂತ ಗೊತ್ತಿದ್ದವಳು ನಾನು ಒಬ್ಬಳೇ. ಗೊತ್ತಿದ್ದೂ ಎರಡು ಹೆಜ್ಜೆ ಹಿಂದೆ ಸರಿದೆ. ಮಾರ್ಟಿನ್ ಬೂಟಿನ ಹತ್ತಿರ ಕೂತು, ತಮ್ಮನಿಗೇ ಉತ್ತರ ಕೊಡುವ ಹಾಗೆ, ಬೆರಳಿನಿಂದ ನೆಲದ ಮೇಲೆ ಮೆಲ್ಲಗೆ ತಟ್ಟುತ್ತಿದ್ದರು.

ಜೋನನ್ನು ಮಣ್ಣು ಮಾಡಿದ ದಿನ ಚರ್ಚಿನ ಹೊರಗೆ ಡೆಕ್ಲನ್ ನನ್ನ ಪಕ್ಕ ಬಂದು ನಿಂತರು. ಆ ತುಟಿಯಷ್ಟೇ ಅಲ್ಲಾಡುವ ದನಿಯಲ್ಲಿ ಕೇಳಿದರು: "ಆ ವರ್ಷ ಮಾರ್ಟಿನ್ ದೋಣಿ ನೋಡಿದ್ದು ನೀವಲ್ವಾ? ಸರಿಯಾಗಿತ್ತು ತಾನೇ?"

ಹತ್ತು ಹೆಜ್ಜೆ ದೂರದಲ್ಲಿ ಮಾರ್ಟಿನ್ ಸಮಾಧಿಕಲ್ಲಿನ ಮುಂದೆ ಹೂವು ಇಡುತ್ತಿದ್ದರು. ಕಲ್ಲಿನ ಕೆಳಗೆ ಕೊನೆಗೂ ಆ ಹೆಸರಿನವನು ಇದ್ದ.

"ಗ್ರ್ಯಾಂಡ್" ಅಂದೆ.

ಅಷ್ಟು ವರ್ಷ ಇಲ್ಲಿದ್ದು ನಾನು ಆ ಮಾತನ್ನು ಇಲ್ಲಿನವರ ಹಾಗೆ ಆಡಿದ್ದು ಅದೇ ಮೊದಲು. ಡೆಕ್ಲನ್‌ಗೆ ಅರ್ಥವಾಯಿತು. ತಲೆ ಅಲ್ಲಾಡಿಸಿ ಹೋದರು, ಮತ್ತೆ ಯಾವತ್ತೂ ಕೇಳಲಿಲ್ಲ. ಅವರು ನಿವೃತ್ತರಾಗಿ ಬಹಳ ದಿನವಾಯಿತು. ಮಾರ್ಟಿನ್ ಹೋದ ಚಳಿಗಾಲದಲ್ಲಿ ತೀರಿಕೊಂಡು ತಮ್ಮನ ಪಕ್ಕದಲ್ಲಿ ಮಲಗಿದ್ದಾರೆ. ಇನ್ನು ಇದರಿಂದ ನೋವಾಗುವುದು ನನಗೊಬ್ಬಳಿಗೇ.

ಸೋಮವಾರ ನೀನು ಆ ಕೆರೆಗೆ ಹೋಗುತ್ತೀಯ. ಗಾಳಿಯಿಲ್ಲದ ದಿನ ಕೆರೆಯ ನಡುವಿಗೆ ಹೋದರೆ ಹೆದರಬೇಡ. ದೋಣಿ ಎತ್ತುವಾಗ ಉದುರಿದ ಚಿಪ್ಪುಗಳು ಕೆಸರಿನ ಮೇಲೆ ಬಿದ್ದಲ್ಲೇ ಉಳಿದು, ಅವುಗಳ ಮೇಲೆ ಹೊಸವು ಕೂತು, ಅದೇ ಆಕಾರದಲ್ಲಿ ಮತ್ತೆ ಬೆಳೆದಿವೆ. ಮೇಲಿನಿಂದ ನೋಡಿದರೆ ದೋಣಿ ಇನ್ನೂ ಅಲ್ಲೇ ಇದೆ. ಉಳಿದ ಒಂದೆರಡು ಸಣ್ಣ ಕೆರೆಗಳನ್ನು ನಿನಗೆ ಶುದ್ಧವಾಗಿಯೇ ಒಪ್ಪಿಸುತ್ತಿದ್ದೇನೆ, ಅವುಗಳ ದಡದಲ್ಲಿ ಯಾರಾದರೂ ಗ್ರ್ಯಾಂಡ್ ಅಂದರೆ ಕೈಗವಸು ತೆಗೆದು ಹಲಗೆ ಮುಟ್ಟು. ಚಳಿ ಇರಲಿ, ಮೆಹಂದಿ ಇರಲಿ, ಎದುರಿಗಿರುವವರು ಚಹಾ ಕೊಟ್ಟವರೇ ಆಗಿರಲಿ. ಗ್ರ್ಯಾಂಡ್ ಅಂದವಳು ನಾನೇ ಆಗಿದ್ದರೂ.

ಕೆಲಸದ ಕೊನೆಯ ದಿನ, ಎಲ್ಲರೂ ಕೇಕ್ ತಿನ್ನಲು ಹೋದಾಗ, ಹಳೆಯ ಕಡತದಿಂದ ಮಾರ್ಟಿನ್ ಅವರ ಹಸಿರು ಚೀಟಿ ತೆಗೆದೆ. 'ಗ್ರ್ಯಾಂಡ್' ಅನ್ನುವುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 'ಮುಟ್ಟಿ ನೋಡಲಿಲ್ಲ' ಅಂತ ಬರೆದು, ಹೊಸದಾಗಿ ಸಹಿ ಮಾಡಿ, 'ಮೂಲ ತಿಳಿದುಬಂದಿಲ್ಲ' ಅನ್ನುವ ವರದಿಯ ಮೇಲೆಯೇ ಪಿನ್ ಹಾಕಿ ಇಟ್ಟಿದ್ದೇನೆ. ಕಡತ ರವೆ ಡಬ್ಬಿಗಳ ಪಕ್ಕದಲ್ಲೇ ಇದೆ.